ದಯೆಯೂ ದಾಸೋಹವೂ



ಈ ಹೊತ್ತು ನಾವು ಚಿಂತನೆಗೆ ಎತ್ತಿಕೊಂಡ ವಿಷಯ ದಯೆ. ಇದು ಎಲ್ಲರೂ ಬಲ್ಲ ವಿಷಯ. ಬಲ್ಲ ವಿಷಯವನ್ನು ಕುರಿತು ಮಾತನಾಡುವುದೇ ಕಷ್ಟ. ಅರಿಯದ ಸಂಗತಿಯಾದರೆ ಜನ ಕಿವಿಗೊಟ್ಟು ಕೇಳುತ್ತಾರೆ. ಬಲ್ಲೆವೆಂದುಕೊಂಡದ್ದಾದರೆ ತಲೆದೂಗುತ್ತಾರೆ, ಕೇಳುವುದಿಲ್ಲ. ದಯೆ ಬೇಡವೆನ್ನುವವರು ಕೈ ಎತ್ತಿರಿ ಎಂದು ಈ ಸಭೆಯಲ್ಲಿ ಹೇಳಿದರೆ ಒಂದು ಕೈಯೂ ಮೇಲೆ ಬರಲಿಕ್ಕಿಲ್ಲ. ಬಸವಣ್ಣನವರು ಧರ್ಮದ ಬೇರನ್ನು ದಯೆಯಲ್ಲಿ ಕಂಡರು ಎಂಬುದು ನಮ್ಮ ಮನೆಯ ಸಣ್ಣ ಮಕ್ಕಳಿಗೂ ಗೊತ್ತು. ಆದಕಾರಣ ದಯೆ ಬೇಕು, ದಯೆ ಬೇಕು ಎಂದು ಹೇಳುತ್ತ ನಿಮ್ಮ ಹೊತ್ತನ್ನು ನಾವು ಕಳೆಯುವುದಿಲ್ಲ. ದಯೆಯೆಂದು ತಿಳಿದು ನಾವೆಲ್ಲ ಏನೇನು ಮಾಡುತ್ತೇವೋ ಅದು ನಿಜವಾಗಿ ದಯೆಯೇ ಹೌದೋ ಅಲ್ಲವೋ ಎಂಬುದನ್ನು ಇಷ್ಟು ತೂಗಿ ನೋಡೋಣ.

ಸಂತೆಗೆ ಹೋಗುವ ದಾರಿಯಲ್ಲಿ ಕಾಲಿಲ್ಲದವನೊಬ್ಬ ನೆಲದ ಮೇಲೆ ಕೈಯೂರಿ ತೆವಳುತ್ತಿರುತ್ತಾನೆ. ಕಂಡ ಕೂಡಲೇ ನಮ್ಮ ಬಾಯಿಂದ "ಅಯ್ಯೋ ಪಾಪ" ಎಂಬ ಮಾತು ಹೊರಡುತ್ತದೆ. ಕರುಳು ಚುರ್ ಎನ್ನುತ್ತದೆ. ಕಿಸೆಯಲ್ಲಿ ಚಿಲ್ಲರೆ ಇದ್ದರೆ ಒಂದು ನಾಣ್ಯ ಹಾಕುತ್ತೇವೆ. ನಾಲ್ಕು ಹೆಜ್ಜೆ ಮುಂದೆ ಹೋಗುವಷ್ಟರಲ್ಲಿ ಮೆಣಸಿನಕಾಯಿಯ ಧಾರಣೆ ನೆನಪಾಗುತ್ತದೆ, ಅವನು ಮರೆತುಹೋಗುತ್ತಾನೆ. ಇದಕ್ಕೆ ಮರುಕ ಎಂದು ಹೆಸರು. ಮರುಕ ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಅದೂ ಇಲ್ಲದ ಕಲ್ಲೆದೆಯವರು ಎಷ್ಟೋ ಜನರಿದ್ದಾರೆ. ಮರುಕ ಮೊಳಕೆಯಿದ್ದ ಹಾಗೆ. ಆದರೆ ಮೊಳಕೆಯನ್ನೇ ರಾಶಿ ಮಾಡಿ ಕಣಜ ತುಂಬಿದೆನೆಂದು ಹೇಳುವ ಒಕ್ಕಲಿಗನನ್ನು ನೀವು ಎಲ್ಲಿಯಾದರೂ ನೋಡಿದ್ದೀರಾ? ಮರುಕದಲ್ಲಿ ನಾವು ಎತ್ತರದಲ್ಲಿ ನಿಂತಿರುತ್ತೇವೆ, ಅವನು ತಗ್ಗಿನಲ್ಲಿರುತ್ತಾನೆ. ನಾಣ್ಯ ಹಾಕಿದ ಮೇಲೆಯೂ ನಾವು ಎತ್ತರದಲ್ಲಿಯೇ ಇರುತ್ತೇವೆ, ಅವನು ತಗ್ಗಿನಲ್ಲಿಯೇ ಇರುತ್ತಾನೆ. ಇಬ್ಬರಲ್ಲಿ ಯಾರ ಜಾಗವೂ ಬದಲಾಗಲಿಲ್ಲ.

ಕೆಲವು ವರ್ಷಗಳ ಹಿಂದೆ ಒಬ್ಬ ಭಕ್ತರು ನಮ್ಮಲ್ಲಿಗೆ ಬಂದರು. ಸದ್ಗೃಹಸ್ಥರು, ಅನುಕೂಲಸ್ಥರು. ಮಗನ ಹುಟ್ಟುಹಬ್ಬದ ದಿನ ಪ್ರಸಾದ ನಿಲಯದ ಮಕ್ಕಳಿಗೆಲ್ಲ ಹೋಳಿಗೆ ಊಟ ಮಾಡಿಸಬೇಕೆಂದು ಅವರ ಆಸೆ. ಬಹಳ ಸಂತೋಷವೆಂದೆವು. ಆ ದಿನ ಅವರ ಜೊತೆಗೆ ಫೋಟೋ ತೆಗೆಯುವವರೂ ಬಂದರು. ಒಂದೊಂದು ಮಗುವನ್ನೂ ಎಬ್ಬಿಸಿ ನಿಲ್ಲಿಸಿ, ಕೈಗೆ ತಟ್ಟೆ ಕೊಟ್ಟು, ಇತ್ತ ನೋಡು, ನಗು ಎಂದು ಹೇಳುವುದು ನಡೆಯಿತು. ಒಬ್ಬ ಹುಡುಗ ಕಂಬದ ಮರೆಗೆ ಹೋಗಿ ನಿಂತುಬಿಟ್ಟ. ಹಸಿವಿಲ್ಲವೆಂದ. ಹೋಳಿಗೆ ಎಂದರೆ ಆ ವಯಸ್ಸಿನ ಹುಡುಗನಿಗೆ ಹಸಿವಿಲ್ಲದಿರುವುದುಂಟೆ? ಅವನು ಏಳನೆಯ ಇಯತ್ತೆಯ ಹುಡುಗ, ತಂದೆಯಿಲ್ಲ, ಆದರೆ ಅವನಿಗೂ ಊರಿದೆ, ಓಣಿಯಿದೆ, ಗೆಳೆಯರಿದ್ದಾರೆ. ಆ ಚಿತ್ರ ಯಾರ ಯಾರ ಮೊಬೈಲಿಗೆ ಹೋಗುತ್ತದೆಂಬುದು ಅವನಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಾವು ಆ ಭಕ್ತರನ್ನು ಹತ್ತಿರ ಕರೆದು, "ಕ್ಯಾಮರಾ ಒಳಗಿಡಿಸಿರಿ, ನಿಮ್ಮ ಮಗನನ್ನು ಆ ಹುಡುಗನ ಪಂಕ್ತಿಯಲ್ಲಿ ಕೂಡ್ರಿಸಿರಿ, ನೀವು ಬಡಿಸಿರಿ" ಎಂದೆವು. ಅವರು ಒಳ್ಳೆಯವರು, ಕೂಡಲೇ ಒಪ್ಪಿದರು. ಕಂಬದ ಮರೆಯ ಹುಡುಗನೂ ಬಂದು ಕುಳಿತ. ನಾಲ್ಕು ಹೋಳಿಗೆ ತಿಂದನೆಂದು ಬಡಿಸಿದವರೇ ನಮಗೆ ಹೇಳಿದರು.

ಹೋಳಿಗೆ ಅದೇ, ಕೊಟ್ಟವರು ಅವರೇ. ಮೊದಲು ನಡೆದದ್ದಕ್ಕೂ ಆಮೇಲೆ ನಡೆದದ್ದಕ್ಕೂ ಏನು ಅಂತರವೆಂಬುದನ್ನು ನೀವೇ ವಿಚಾರ ಮಾಡಿರಿ.

12ನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಅಂತರವನ್ನು ಸೂಕ್ಷ್ಮವಾಗಿ ಕಂಡಿದ್ದರು. ಅದಕ್ಕಾಗಿಯೇ ಅವರು ದಾನವೆಂಬ ಹಳೆಯ ಮಾತಿಗಿಂತ ದಾಸೋಹವೆಂಬ ಮಾತನ್ನು ಹೆಚ್ಚು ಪ್ರೀತಿಸಿದರು. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ತನ್ನದಲ್ಲದ್ದನ್ನು ತಲುಪಬೇಕಾದವರಿಗೆ ತಲುಪಿಸುವ ಆಳು ಅವನು. ಆಳಿಗೆ ಅಹಂಕಾರವೇಕೆ? ಅಂಚೆಯವನು ಮನಿಯಾರ್ಡರು ತಂದುಕೊಟ್ಟು, ಈ ಹಣ ನಾನು ಕೊಟ್ಟೆನೆಂದು ಮೀಸೆ ತಿರುವಿದರೆ ನೀವು ನಗುವುದಿಲ್ಲವೆ?

ಇದೇ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂಬ ದಂಪತಿಗಳಿದ್ದರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮ ಅದನ್ನು ನೋಡಿ ಹಿಗ್ಗಲಿಲ್ಲ. ಇಷ್ಟೇಕೆ ತಂದಿರಿ, ನಮಗೆ ಬೇಕಾದದ್ದು ಅಷ್ಟೇ, ಉಳಿದುದನ್ನು ಅಲ್ಲಿಯೇ ಚೆಲ್ಲಿ ಬನ್ನಿರಿ ಎಂದು ಹಿಂದಕ್ಕೆ ಕಳಿಸಿದರು. ಈ ಕಥೆಯನ್ನು ನಾವು ಸಾಮಾನ್ಯವಾಗಿ ಆಸೆ ಕೂಡದು ಎಂಬುದಕ್ಕೆ ಹೇಳುತ್ತೇವೆ. ಅದು ಸರಿಯೇ. ಆದರೆ ಇದರಲ್ಲಿ ಕೊಡುವವರಿಗೂ ಒಂದು ಪಾಠವಿದೆ, ಅದನ್ನು ನಾವು ಅಷ್ಟಾಗಿ ಹೇಳುವುದಿಲ್ಲ. ನೆಲದ ಮೇಲಿನ ಅಕ್ಕಿ ಆಯ್ದು ಉಣ್ಣುವ ಮನೆಯಲ್ಲಿಯೂ ನೆಟ್ಟಗೆ ನಿಂತ ಒಂದು ಬೆನ್ನೆಲುಬು ಇರುತ್ತದೆ. ಬಡತನವನ್ನು ಕಂಡವರು ಆ ಬೆನ್ನೆಲುಬನ್ನೂ ಕಾಣಬೇಕು. ಕಾಣದೆ ಕೊಟ್ಟರೆ ಅಕ್ಕಿ ಸಿಕ್ಕೀತು, ಬೆನ್ನು ಬಾಗೀತು.

ಈಗ ನಾವು ನಿಮಗೆ ಒಂದು ನಿಜವಾದ ವೃತ್ತಾಂತವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕೆಂದಿದ್ದೇವೆ. ನಿಮ್ಮಲ್ಲಿ ಹಿರಿಯರಿಗೆ ಇದು ಗೊತ್ತಿರುವ ಕಥೆ. ಮಕ್ಕಳಿಗೆ ಗೊತ್ತಾಗಲಿ.

ಹಾನಗಲ್ಲ ತಾಲ್ಲೂಕಿನಲ್ಲಿ ಕಾಡಶೆಟ್ಟಿಹಳ್ಳಿ ಎಂಬ ಸಣ್ಣ ಊರು. ಅಲ್ಲಿ 1892ರಲ್ಲಿ ಒಂದು ಗಂಡುಮಗು ಹುಟ್ಟಿತು. ಹೆಸರು ಗದಿಗೆಯ್ಯ. ಹುಟ್ಟುಗುರುಡು. ಅವನ ಅಣ್ಣನೂ ಹುಟ್ಟುಗುರುಡನೇ. ಆ ಕಾಲದಲ್ಲಿ, ಬಡ ಮನೆಯಲ್ಲಿ, ಕಣ್ಣಿಲ್ಲದ ಎರಡು ಮಕ್ಕಳೆಂದರೆ ತಂದೆತಾಯಿಗಳಿಗೆ ಏನಾಗಿರಬೇಕು? ಕಣ್ಣಿಲ್ಲದವನ ಪಾಲಿಗೆ ಆಗ ಊರು ನಿಗದಿ ಮಾಡಿಟ್ಟಿದ್ದ ಉದ್ಯೋಗ ಒಂದೇ. ಗುಡಿಯ ಮುಂದೆಯೋ ಜಾತ್ರೆಯ ದಾರಿಯಲ್ಲಿಯೋ ಅರಿವೆ ಹಾಸಿ ಕೂಡ್ರುವುದು. ಊರವರು ಕೆಟ್ಟವರೆಂದಲ್ಲ. ಅವರು ಒಂದು ಹಿಡಿ ಜೋಳ ಹಾಕುತ್ತಿದ್ದರು, ಅಯ್ಯೋ ಪಾಪ ಎನ್ನುತ್ತಿದ್ದರು. ಆಗಲೇ ಹೇಳಿದೆವಲ್ಲ, ಮರುಕಕ್ಕೆ ಕೊರತೆಯಿರಲಿಲ್ಲ.

ಆ ಮಕ್ಕಳಿಗೆ ಹಾಡಲು ಬರುತ್ತಿತ್ತು. ಹಾನಗಲ್ಲ ವಿರಕ್ತಮಠದ ಕುಮಾರ ಸ್ವಾಮಿಗಳು ಅದನ್ನು ಕೇಳಿದರು. 1909ರಲ್ಲಿ ಬಾದಾಮಿಯ ಹತ್ತಿರ ಮಲಪ್ರಭೆಯ ದಂಡೆಯಲ್ಲಿ ಶಿವಯೋಗಮಂದಿರವನ್ನು ಕಟ್ಟಿದವರು ಇವರೇ. ಇಡೀ ಊರು ಆ ಮಕ್ಕಳ ಕಣ್ಣನ್ನು ನೋಡಿತ್ತು. ಸ್ವಾಮಿಗಳು ಅವರ ಕಂಠವನ್ನು ಕೇಳಿದರು. ಇಷ್ಟೇ ಅಂತರ. ಊರವರಿಗೆ ಅವರಲ್ಲಿ ಇಲ್ಲದ್ದು ಕಂಡಿತು, ಇವರಿಗೆ ಇದ್ದದ್ದು ಕಂಡಿತು. ಸ್ವಾಮಿಗಳು ಮಕ್ಕಳ ಕೈಗೆ ಕಾಣಿಕೆ ಕೊಟ್ಟು ಮುಂದೆ ನಡೆಯಲಿಲ್ಲ. ಕರೆದುಕೊಂಡು ಹೋದರು. ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಒಂದು ತಿಂಗಳು, ಎರಡು ತಿಂಗಳು ಅಲ್ಲ, ವರ್ಷಗಟ್ಟಲೆ. ಸಂಗೀತವೆಂದರೆ ಆರು ತಿಂಗಳಲ್ಲಿ ಮುಗಿಯುವ ವಿದ್ಯೆಯೇ? ಆ ಹುಡುಗ ಕರ್ನಾಟಕ ಪದ್ಧತಿಯನ್ನೂ ಕಲಿತ, ಹಿಂದುಸ್ತಾನಿಯನ್ನೂ ಕಲಿತ. ಎರಡರಲ್ಲಿಯೂ ಪಾರಂಗತನಾದ. ಕಾಡಶೆಟ್ಟಿಹಳ್ಳಿಯ ಗದಿಗೆಯ್ಯನೇ ಮುಂದೆ ಗಾನಯೋಗಿ ಪಂಚಾಕ್ಷರಿ ಗವಾಯಿಗಳೆಂದು ನಾಡಿಗೆ ನಾಡೇ ಕೈಮುಗಿಯುವಂತಾದರು.

ಇಲ್ಲಿಗೇ ಕಥೆ ನಿಂತಿದ್ದರೆ ಒಬ್ಬ ಬಡ ಹುಡುಗ ದೊಡ್ಡವನಾದ ಕಥೆಯಾಗುತ್ತಿತ್ತು. ಅಂಥವು ಬೇಕಾದಷ್ಟಿವೆ. ಗವಾಯಿಗಳಿಗೆ ಅರಮನೆಯ ಆಸ್ಥಾನವನ್ನೋ ಪೇಟೆಯ ಶ್ರೀಮಂತಿಕೆಯನ್ನೋ ಹುಡುಕಿಕೊಂಡು ಹೋಗುವ ವಿದ್ಯೆಯಿತ್ತು. ಅವರು ಹೋಗಲಿಲ್ಲ. ಬ್ರಹ್ಮಚಾರಿಯಾಗಿ ಉಳಿದು, ಅಂಧರನ್ನೂ ಅನಾಥರನ್ನೂ ಸಾಕಿ ವಿದ್ಯೆ ಕಲಿಸುವುದೇ ತಮ್ಮ ಬಾಳೆಂದು ವ್ರತ ತೊಟ್ಟರು. ಶಿಷ್ಯರನ್ನು ಕಟ್ಟಿಕೊಂಡು ಊರಿಂದೂರಿಗೆ ನಡೆಯುವ ಸಂಗೀತ ಪಾಠಶಾಲೆ ಅದು. ಕಣ್ಣಿಲ್ಲದ ಗುರುವಿನ ಹಿಂದೆ ಕಣ್ಣಿಲ್ಲದ ಶಿಷ್ಯರು. ಎಲ್ಲಿ ಭಕ್ತರು ಇಂಬು ಕೊಟ್ಟರೋ ಅಲ್ಲಿ ಬಿಡಾರ, ಅಲ್ಲಿಯೇ ಪಾಠ. ಅಷ್ಟು ಬಾಯಿಗಳಿಗೆ ನಿತ್ಯವೂ ಅನ್ನ ಬೇಕು. ಆ ಕಷ್ಟವನ್ನು ಬಾಯಲ್ಲಿ ಹೇಳುವುದು ಸುಲಭ. ಒಬ್ಬ ಸ್ವಾಮಿಯಾಗಿ ಒಂದು ಸಣ್ಣ ಪ್ರಸಾದ ನಿಲಯವನ್ನು ನಡೆಸುವ ನಮಗೆ ತಿಂಗಳ ಕೊನೆ ಬಂದಾಗ ಅದರ ಬಿಸಿ ಇಷ್ಟು ಗೊತ್ತಾಗುತ್ತದೆ. ಕೊನೆಗೆ ಗದಗಿನಲ್ಲಿ ಆ ಪಾಠಶಾಲೆ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. 1944ರಲ್ಲಿ ಗವಾಯಿಗಳು ಲಿಂಗೈಕ್ಯರಾದರು. ಎರಡನೆಯ ಮಹಾಯುದ್ಧದ ಕಾಲ. ಕಾಳುಕಡಿಗೆ ತತ್ವಾರವಿದ್ದ ದಿನಗಳು.

ಆಗ ಆಶ್ರಮದ ಭಾರವನ್ನು ಹೊತ್ತವರು ಯಾರು? ಅವರ ಶಿಷ್ಯ ಪುಟ್ಟರಾಜ ಗವಾಯಿಗಳು. ಇವರೂ ಹಾನಗಲ್ಲ ತಾಲ್ಲೂಕಿನವರೇ, ದೇವಗಿರಿಯವರು. 1914ರಲ್ಲಿ ಹುಟ್ಟಿದರು, ಹಸುಳೆಯಾಗಿದ್ದಾಗಲೇ ಕಣ್ಣು ಕಳೆದುಕೊಂಡರು. ಗುರುಗಳು ಹೋದಾಗ ಇವರಿಗೆ 30 ವರ್ಷ. ಅಲ್ಲಿಂದ 2010ರಲ್ಲಿ ತಾವು ಲಿಂಗೈಕ್ಯರಾಗುವವರೆಗೆ 66 ವರ್ಷ ಆ ನೊಗಕ್ಕೆ ಹೆಗಲು ಕೊಟ್ಟರು. ನಾಟಕ ಕಂಪನಿ ಕಟ್ಟಿದರು. ಅದರಿಂದ ಬಂದ ಹಣ ಆಶ್ರಮದ ಮಕ್ಕಳ ಅನ್ನಕ್ಕೆ. ಭಕ್ತರು ತುಲಾಭಾರ ಮಾಡಿದರೆ ತಕ್ಕಡಿಯಲ್ಲಿ ಬಂದ ನಾಣ್ಯವೂ ಮಕ್ಕಳ ಅನ್ನಕ್ಕೆ. ನಮ್ಮ ಕಡೆ ತುಲಾಭಾರವೆಂದರೆ ಸ್ವಾಮಿಗಳ ವೈಭವವೆಂದು ತಿಳಿಯುವವರಿದ್ದಾರೆ. ಅವರು ತಕ್ಕಡಿಯಲ್ಲಿ ಕೂತದ್ದು ತಾವು ತೂಗಿಸಿಕೊಳ್ಳಲಿಕ್ಕಲ್ಲ, ನೂರಾರು ಎಲೆಗಳ ತೂಕ ಅವರ ತಲೆಯ ಮೇಲಿತ್ತು. ಹಲವು ವಾದ್ಯಗಳನ್ನು ನುಡಿಸಿದರು, ಕನ್ನಡ, ಸಂಸ್ಕೃತ, ಹಿಂದಿ ಮೂರರಲ್ಲಿಯೂ ಗ್ರಂಥ ಬರೆದರು. ಬಸವ ಪುರಾಣವನ್ನು ಹಿಂದಿಯಲ್ಲಿ ರಚಿಸಿದರು. ಸರಕಾರದ ಪದ್ಮಭೂಷಣವೂ 2010ರಲ್ಲಿ ಬಂತು. ಅದು ಬಂದದ್ದು ಸಂತೋಷ. ಬರದಿದ್ದರೂ ಅಡುಗೆ ಮನೆಯ ಒಲೆ ಉರಿಯುವುದು ನಿಲ್ಲುತ್ತಿರಲಿಲ್ಲ.

ಆ ಆಶ್ರಮದಲ್ಲಿ ಜಾತಿ ಕೇಳಲಿಲ್ಲ, ಮತ ಕೇಳಲಿಲ್ಲ. ಕಣ್ಣಿಲ್ಲದ ಮಕ್ಕಳು ಬಂದರು, ತಂದೆತಾಯಿಗಳಿಲ್ಲದ ಮಕ್ಕಳು ಬಂದರು. ಬರುವಾಗ ಊರಿಗೆ ಭಾರವೆನಿಸಿದ್ದವರು ಹೊರಡುವಾಗ ಗಾಯಕರಾಗಿ, ತಬಲಾ ವಾದಕರಾಗಿ, ಸಂಗೀತದ ಮಾಸ್ತರರಾಗಿ, ಕೀರ್ತನಕಾರರಾಗಿ ತಮ್ಮ ಅನ್ನವನ್ನು ತಾವೇ ದುಡಿದು ಉಂಡರು.

ಇನ್ನೊಂದು ಮಾತನ್ನು ಗಮನಿಸಿರಿ. ಹಿಂದುಸ್ತಾನಿ ಸಂಗೀತದಲ್ಲಿ ದೇಶಕ್ಕೆಲ್ಲ ಹೆಸರಾದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರು. ರಾಜಗುರುಗಳಿಗೆ ಕಣ್ಣಿತ್ತು. ಅಂದರೆ ಏನಾಯಿತು? ಮೊದಲು ಕಣ್ಣಿದ್ದ ಸ್ವಾಮಿಗಳು ಕಣ್ಣಿಲ್ಲದ ಹುಡುಗನ ಕೈ ಹಿಡಿದರು. ಆ ಹುಡುಗ ಬೆಳೆದು ಕಣ್ಣಿಲ್ಲದ ಬೇರೆ ಹುಡುಗರ ಕೈ ಹಿಡಿದ. ಆಮೇಲೆ ಕಣ್ಣಿದ್ದವರೇ ಬಂದು ಅವರ ಪಾದದ ಬಳಿ ಕುಳಿತು, ನಮಗೆ ದಾರಿ ತೋರಿಸಿರಿ ಎಂದು ಕೇಳಿದರು. ಮೇಲಿದ್ದವರು ಕೆಳಗೆ, ಕೆಳಗಿದ್ದವರು ಮೇಲೆ ಎಂಬ ಲೆಕ್ಕವೇ ಅಲ್ಲಿ ಕಲಸಿಹೋಯಿತು. ಹಾನಗಲ್ಲ ಶ್ರೀಗಳು ಆ ದಿನ ಒಂದು ಹಿಡಿ ಜೋಳ ಹಾಕಿಸಿ ಮುಂದೆ ಹೋಗಿದ್ದರೆ ಅವರಿಗೂ ಪುಣ್ಯ ಬರುತ್ತಿತ್ತೆಂದೇ ಜನ ಹೇಳುತ್ತಿದ್ದರು. ಆದರೆ ಕರ್ನಾಟಕಕ್ಕೆ ಗದಗಿನ ಆಶ್ರಮ ಇರುತ್ತಿರಲಿಲ್ಲ.

ಪುಟ್ಟರಾಜರು ಬ್ರೇಲ್ ಲಿಪಿಯನ್ನು ಬಲ್ಲವರಾಗಿದ್ದರು. ಭಗವದ್ಗೀತೆಯನ್ನು ಆ ಲಿಪಿಯಲ್ಲಿ ಬರೆದರು. ದಪ್ಪ ಕಾಗದದ ಮೇಲೆ ಉಬ್ಬಿದ ಆರು ಚುಕ್ಕೆಗಳು. ಅವುಗಳ ಹೊಂದಾಣಿಕೆಯಿಂದಲೇ ಎಲ್ಲ ಅಕ್ಷರಗಳು. ಬೆರಳಿನಿಂದ ಮುಟ್ಟಿ ಓದುವುದು. ಈ ಲಿಪಿ ಬಂದದ್ದು ಫ್ರಾನ್ಸ್ ದೇಶದಿಂದ. ಅದರ ಹಿಂದೆಯೂ ನಮ್ಮ ವಿಷಯಕ್ಕೆ ಹೊಂದುವ ಒಂದು ಪ್ರಸಂಗವಿದೆ. ಮಾತು ಬಂದದ್ದರಿಂದ ಹೇಳಿಬಿಡುತ್ತೇವೆ.

1771ರಲ್ಲಿ ಪ್ಯಾರಿಸ್ ಪಟ್ಟಣದ ಒಂದು ಜಾತ್ರೆ. ನಮ್ಮ ಜಾತ್ರೆಗಳ ಹಾಗೆಯೇ ಅಂಗಡಿ, ಆಟ, ಗದ್ದಲ. ಅಲ್ಲಿ ಒಂದು ಉಪಾಹಾರದ ಅಂಗಡಿಯವನು ಗಿರಾಕಿಗಳನ್ನು ಸೆಳೆಯಲಿಕ್ಕೆ ಕಣ್ಣಿಲ್ಲದ ಕೆಲವರನ್ನು ತಂದು ಅಟ್ಟದ ಮೇಲೆ ಕೂಡ್ರಿಸಿದ್ದ. ಅವರಿಗೆ ಕೋಡಂಗಿಯ ವೇಷ, ರಟ್ಟಿನ ದೊಡ್ಡ ಚಾಳೀಸು, ಮುಂದೆ ಸಂಗೀತದ ಪುಸ್ತಕ. ಕಾಣದವರು ಪುಸ್ತಕ ನೋಡಿ ವಾದ್ಯ ಬಾರಿಸುವ ಹಾಗೆ ನಟಿಸಬೇಕು, ಜನ ಹೊಟ್ಟೆ ಹಿಡಿದುಕೊಂಡು ನಗಬೇಕು. ಜನ ನಕ್ಕರು. ಆ ಗುಂಪಿನಲ್ಲಿ ವಾಲಂತೀನ್ ಅವೀ ಎಂಬ ಒಬ್ಬ ತರುಣನಿದ್ದ. ಅವನಿಗೆ ನಗು ಬರಲಿಲ್ಲ. ಆ ಕೋಡಂಗಿಗಳಿಗೆ ನಿಜವಾಗಿ ಓದಲು ಕಲಿಸಬೇಕೆಂಬ ಹಟ ಅವನಲ್ಲಿ ಹುಟ್ಟಿತು. ಮುಂದೆ ಇಗರ್ಜಿಯ ಬಾಗಿಲಲ್ಲಿ ಭಿಕ್ಷೆ ಬೇಡುತ್ತಿದ್ದ ಒಬ್ಬ ಅಂಧ ಹುಡುಗನನ್ನು ತನ್ನ ಮೊದಲ ಶಿಷ್ಯನನ್ನಾಗಿ ಮಾಡಿಕೊಂಡ. ಆ ಹುಡುಗ ಪಾಠಕ್ಕೆ ಬಂದರೆ ಅವನ ಭಿಕ್ಷೆಯ ಗಳಿಕೆ ತಪ್ಪುತ್ತದೆ. ಮನೆಯವರು ಉಪವಾಸ ಬೀಳುತ್ತಾರೆ. ಆದ್ದರಿಂದ ಭಿಕ್ಷೆಯಿಂದ ಬರುತ್ತಿದ್ದಷ್ಟು ಹಣವನ್ನು ಗುರುವೇ ಶಿಷ್ಯನಿಗೆ ಕೊಟ್ಟು ಪಾಠ ಹೇಳಿದ. ಎಂಥ ವಿವೇಕ ನೋಡಿರಿ! ಓದು ಬಾ ಎಂದು ಕರೆಯುವುದು ಸುಲಭ, ಬಂದವನ ಮನೆಯ ಒಲೆಯ ಚಿಂತೆಯನ್ನೂ ಮಾಡುವವರು ಕಡಿಮೆ. 1785ರ ಸುಮಾರಿಗೆ ಅವನು ಕಟ್ಟಿದ ಶಾಲೆಗೆ ಮುಂದೆ 1819ರಲ್ಲಿ ಹತ್ತು ವರ್ಷದ ಒಬ್ಬ ಅಂಧ ಬಾಲಕ ಬಂದು ಸೇರಿದ. ಅವನೇ ಲೂಯಿ ಬ್ರೇಲ್. ತಂದೆಯ ಜೀನು ಹೊಲಿಯುವ ಅಂಗಡಿಯಲ್ಲಿ ಆಡುವಾಗ ಹರಿತವಾದ ಸಾಧನ ಕಣ್ಣಿಗೆ ತಾಗಿ ದೃಷ್ಟಿ ಹೋಗಿದ್ದವನು. ಇಪ್ಪತ್ತು ವರ್ಷದವನಿದ್ದಾಗ, 1829ರಲ್ಲಿ, ಅವನು ಪ್ರಕಟಿಸಿದ ಚುಕ್ಕೆಯ ಲಿಪಿಯಲ್ಲಿಯೇ ನಮ್ಮ ಗದಗಿನ ಸ್ವಾಮಿಗಳು ಗೀತೆ ಬರೆದದ್ದು. ಪ್ಯಾರಿಸ್ಸಿನ ಜಾತ್ರೆಯಲ್ಲಿ ಒಬ್ಬನಿಗೆ ನಗು ಬರಲಿಲ್ಲವೆಂಬುದರ ಫಲ ಗದಗಿನವರೆಗೆ ಬಂತು. ದಯೆಗೆ ದೇಶವೆಲ್ಲಿ, ಭಾಷೆಯೆಲ್ಲಿ?

ಇನ್ನು, ದಯೆಯಿದ್ದರೆ ಸಾಕು, ಬೇರೆ ಏನೂ ಬೇಡವೆಂದು ಯಾರಾದರೂ ತಿಳಿದರೆ ಅದೂ ಪೂರ್ತಿ ಸರಿಯಲ್ಲ. ಬೀಳಗಿಯಲ್ಲಿ ಹುಟ್ಟಿದ ಡಾಕ್ಟರ್ ಎಂ. ಸಿ. ಮೋದಿಯವರ ಹೆಸರು ಕೇಳದ ಹಿರಿಯರು ಇಲ್ಲಿ ಯಾರೂ ಇರಲಿಕ್ಕಿಲ್ಲ. ಊರೂರಿಗೆ ಹೋಗಿ ಶಿಬಿರ ಹಾಕಿ ಕಣ್ಣಿನ ಪೊರೆ ತೆಗೆದವರು. ಒಂದೇ ದಿನ 833 ಪೊರೆಯ ಶಸ್ತ್ರಕ್ರಿಯೆ ಮಾಡಿದ ದಾಖಲೆ ಅವರದು. 2005ರಲ್ಲಿ ಅವರು ತೀರಿಕೊಂಡರು. ಅವರ ಮುಂದೆ ಸಾಲಾಗಿ ಮಲಗಿದ ಮುದುಕ ಮುದುಕಿಯರನ್ನು ನೋಡಿ ಅವರು ಅಳುತ್ತ ಕುಳಿತಿದ್ದರೆ ಒಂದು ಪೊರೆಯೂ ಕಳಚುತ್ತಿರಲಿಲ್ಲ. ಕೈ ನಡುಗಬಾರದು, ಕತ್ತಿ ಜಾರಬಾರದು. ಅದಕ್ಕೆ ವಿದ್ಯೆ ಬೇಕು, ಅಭ್ಯಾಸ ಬೇಕು, ಶಿಸ್ತು ಬೇಕು. ಕಣ್ಣೀರು ತುಂಬಿದ ಕಣ್ಣಿಗೆ ಇನ್ನೊಬ್ಬರ ಕಣ್ಣು ಸರಿಯಾಗಿ ಕಾಣುವುದಿಲ್ಲ. ಶರಣರು ದಾಸೋಹದ ಜೊತೆಗೆ ಕಾಯಕವನ್ನು ಏಕೆ ಇಟ್ಟರೆಂಬುದು ಇಲ್ಲಿ ತಿಳಿಯುತ್ತದೆ. ಮಾಸ್ತರನು ಪಾಠವನ್ನು ಚೆನ್ನಾಗಿ ಹೇಳುವುದೂ, ಕಂಪೌಂಡರನು ಔಷಧವನ್ನು ಸರಿಯಾಗಿ ಅಳೆದು ಕೊಡುವುದೂ, ಒಕ್ಕಲಿಗನು ಹಾಲಿಗೆ ನೀರು ಬೆರೆಸದಿರುವುದೂ ದಯೆಯೇ.

ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳನ್ನು ನೆನೆಯದೆ ದಾಸೋಹದ ಮಾತು ಪೂರ್ಣವಾಗಲಾರದು. ಅವರು 2019ರ ಜನವರಿ 21ರಂದು, 111 ವರ್ಷ ತುಂಬಿ ನಡೆಯುತ್ತಿದ್ದಾಗ, ಬೆಳಗಿನ ಹೊತ್ತು ಲಿಂಗೈಕ್ಯರಾದರು. ಮಠದಲ್ಲಿ ಆಗ 10,000ದಷ್ಟು ಮಕ್ಕಳು. ಸುದ್ದಿಯನ್ನು ಕೂಡಲೇ ಹೊರಗೆ ಹೇಳಲಿಲ್ಲ. ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ ಹೇಳಿದರು. ಏಕೆಂದರೆ ತಮ್ಮ ಅಂತ್ಯದ ಸುದ್ದಿಯಿಂದ ಮಕ್ಕಳು ಎಲೆಯ ಮುಂದಿನಿಂದ ಏಳಬಾರದೆಂದು ಸ್ವಾಮಿಗಳೇ ಮೊದಲು ಹೇಳಿಟ್ಟಿದ್ದರು. ನಮಗೆಲ್ಲ ನಮ್ಮ ಸಾವಿನ ದಿನ ಏನಾಗಬೇಕೆಂಬ ಯೋಚನೆ ಇರುತ್ತದೆ. ಎಲ್ಲಿ ಸಮಾಧಿ, ಎಷ್ಟು ಜನ, ಯಾವ ಪಲ್ಲಕ್ಕಿ. ಇವರಿಗೆ ಹುಡುಗರ ಊಟದ ಯೋಚನೆಯಿತ್ತು.

ಸಾವಿನ ಮಾತು ಬಂದದ್ದರಿಂದ ಈ ಹೊತ್ತು ನಾವು ಮುಖ್ಯವಾಗಿ ಹೇಳಬೇಕೆಂದು ಬಂದ ಮಾತಿಗೆ ಬರುತ್ತೇವೆ. ಕೆಲವರಿಗೆ ಇದು ರುಚಿಸಲಿಕ್ಕಿಲ್ಲ. ಆದರೂ ಹೇಳುತ್ತೇವೆ.

ಕಣ್ಣಿನ ಕಪ್ಪು ಬೊಟ್ಟಿನ ಮುಂದೆ ಗಡಿಯಾರದ ಗಾಜಿನ ಹಾಗೆ ಒಂದು ತೆಳುವಾದ ಪಾರದರ್ಶಕ ಪೊರೆ ಇರುತ್ತದೆ. ಅದಕ್ಕೆ ಕಾರ್ನಿಯಾ ಎನ್ನುತ್ತಾರೆ. ಗಾಯದಿಂದಲೋ ರೋಗದಿಂದಲೋ ಅದು ಮಂಜಾಗಿ ಬಿಳಿದಾದರೆ ಬೆಳಕು ಒಳಗೆ ಹೋಗುವುದಿಲ್ಲ. ಅಂಥವರಿಗೆ, ತೀರಿಕೊಂಡವರ ಕಣ್ಣಿನಿಂದ ಆ ಪೊರೆಯನ್ನು ತೆಗೆದು ಜೋಡಿಸಿದರೆ ಮತ್ತೆ ಕಾಣುವಂತಾಗುತ್ತದೆ. ಎಲ್ಲ ಕುರುಡಿಗೂ ಇದು ಮದ್ದಲ್ಲ. ಹಿಂದಿನ ನರವೇ ಹೋದವರಿಗೆ ಇದರಿಂದ ಉಪಯೋಗವಿಲ್ಲ. ಅವರಿಗೆ ಗದಗಿನಂಥ ಆಶ್ರಮಗಳೇ ಕಣ್ಣು. ಆದರೆ ಈ ಪೊರೆಗಾಗಿ ಕಾದು ಕುಳಿತವರು ಬಹಳ ಜನ, ಅವರಲ್ಲಿ ಸಣ್ಣ ಮಕ್ಕಳೂ ಇದ್ದಾರೆ. ಡಾಕ್ಟರ್ ರಾಜಕುಮಾರ್ ಅವರು 2006ರಲ್ಲಿ ತೀರಿಕೊಂಡಾಗ ಅವರ ಕಣ್ಣುಗಳನ್ನು ದಾನ ಮಾಡಿದರು. ಅವರ ಮಗ ಪುನೀತ್ 2021ರ ಅಕ್ಟೋಬರ್ 29ರಂದು ಚಿಕ್ಕ ವಯಸ್ಸಿನಲ್ಲಿಯೇ ಹೋದಾಗ ಆ ಮನೆಯವರು ಅಂಥ ದುಃಖದ ನಡುವೆಯೂ ಕಣ್ಣು ಕೊಡುವುದನ್ನು ಮರೆಯಲಿಲ್ಲ. ವೈದ್ಯರು ಆ ಎರಡು ಪೊರೆಗಳನ್ನು ಪದರ ಬಿಡಿಸಿ ನಾಲ್ಕು ಜನರಿಗೆ ಜೋಡಿಸಿದರು. ಎರಡು ಕಣ್ಣು, ನಾಲ್ಕು ಮನೆಗೆ ಬೆಳಕು.

ಇದಕ್ಕೆ ನಮ್ಮ ಜನ ಹೇಳುವ ಅಡ್ಡಿಗಳನ್ನು ನಾವು ಕೇಳಿದ್ದೇವೆ. ಕಣ್ಣು ಕೊಟ್ಟವರು ಮುಂದಿನ ಜನ್ಮದಲ್ಲಿ ಕುರುಡರಾಗಿ ಹುಟ್ಟುತ್ತಾರಂತೆ. ಯಾರು ಹೇಳಿದರು? ಯಾವ ಶರಣರು ಹೇಳಿದರು? ಮನೆಯಲ್ಲಿ ಹಿರಿಯರು ತೀರಿಕೊಂಡರೆ ಲಿಂಗೈಕ್ಯರಾದರು ಎಂದು ಕಾರ್ಡು ಅಚ್ಚು ಹಾಕಿಸುತ್ತೇವೆ. ಲಿಂಗದಲ್ಲಿ ಐಕ್ಯರಾದವರಿಗೆ ಮುಂದಿನ ಜನ್ಮ ಎಲ್ಲಿಂದ ಬಂತು, ಆ ಜನ್ಮದ ಕಣ್ಣಿನ ಚಿಂತೆ ಎಲ್ಲಿಂದ ಬಂತು? ಎರಡರಲ್ಲಿ ಒಂದನ್ನು ನಂಬಿರಿ. ಮುಖ ವಿಕಾರವಾಗುತ್ತದೆ ಎನ್ನುವವರಿದ್ದಾರೆ. ಆಗುವುದಿಲ್ಲ. ರೆಪ್ಪೆ ಮುಚ್ಚಿದರೆ ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಇಪ್ಪತ್ತು ನಿಮಿಷದ ಕೆಲಸ, ಮನೆಗೇ ಬಂದು ಮಾಡಿಕೊಂಡು ಹೋಗುತ್ತಾರೆ. ಕ್ರಿಯಾಸಮಾಧಿಗೆ, ವಿಭೂತಿ ಧರಿಸುವುದಕ್ಕೆ, ಪೂಜೆಗೆ ಯಾವ ಭಂಗವೂ ಇಲ್ಲ. ನಮ್ಮ ಅವ್ವನಿಗೆ ಚಾಳೀಸಿತ್ತು, ಸಕ್ಕರೆ ರೋಗವಿತ್ತು, ಪೊರೆ ತೆಗೆಸಿತ್ತು, ಅವಳ ಕಣ್ಣು ಯಾರಿಗೆ ಬೇಕು ಎನ್ನುತ್ತಾರೆ. ಅಂಥವರ ಕಣ್ಣೂ ಬರುತ್ತದೆ.

ಆದರೆ ಒಂದು ಮಾತು. ಇದನ್ನು ಆರು ತಾಸಿನೊಳಗೆ ಮಾಡಬೇಕು. ಬೇಗ ಆದಷ್ಟೂ ಒಳ್ಳೆಯದು. ಸತ್ತವರು ಬದುಕಿದ್ದಾಗ ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿ ಕಪಾಟಿನಲ್ಲಿ ಇಟ್ಟಿದ್ದರೆ ಅಷ್ಟರಿಂದಲೇ ಕೆಲಸವಾಗುವುದಿಲ್ಲ. ಮನೆಯವರು ಒಪ್ಪಬೇಕು, ಮನೆಯವರೇ ಫೋನು ಮಾಡಬೇಕು. ಆ ಹೊತ್ತಿನಲ್ಲಿ ಎಲ್ಲರೂ ಅಳುತ್ತಿರುತ್ತಾರೆ, ದೂರದ ಬೀಗರಿಗೆ ತಿಳಿಸುವ ಗಡಿಬಿಡಿ ಇರುತ್ತದೆ. ಯಾರಿಗೆ ನೆನಪಾಗಬೇಕು? ಆದ್ದರಿಂದ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿಡಿರಿ. ಹತ್ತಿರದ ಕಣ್ಣಿನ ಬ್ಯಾಂಕಿನ ಫೋನು ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿಡಿರಿ. ಅವರು ಬರುವವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಅರಿವೆ ಇಡಿರಿ, ತಲೆದಿಂಬು ಹಾಕಿ ತಲೆ ಸ್ವಲ್ಪ ಎತ್ತರಿಸಿರಿ, ಫ್ಯಾನು ಬಂದು ಮಾಡಿರಿ. ಇಷ್ಟೇ. ಈ ದಾಸೋಹಕ್ಕೆ ಹೊಲ ಬೇಡ, ರೊಕ್ಕ ಬೇಡ. ಕೊಟ್ಟವರ ಹೆಸರು ಪಡೆದವರಿಗೆ ಹೇಳುವುದಿಲ್ಲ, ಪಡೆದವರ ಹೆಸರು ಕೊಟ್ಟವರಿಗೆ ಹೇಳುವುದಿಲ್ಲ. ಫೋಟೋ ತೆಗೆಸಿಕೊಳ್ಳಲು ಕೊಟ್ಟವರು ಅಲ್ಲಿ ಇರುವುದೂ ಇಲ್ಲ.

ಇನ್ನೂ ಒಂದು ಸಣ್ಣ ಮಾತು ಉಳಿದಿದೆ. ಇದು ಮುಖ್ಯವಾಗಿ ಗಂಡಸರಿಗೆ. ನಿಮ್ಮ ಮನೆಯಲ್ಲಿ ಮೂಲೆ ಹಿಡಿದು ಕುಳಿತ ಮುದುಕಿಯೊಬ್ಬಳು ಇರಬಹುದು. ಎರಡು ವರ್ಷದಿಂದ ಕಣ್ಣು ಮಂಜೆಂದು ಹೇಳುತ್ತಿರಬಹುದು. ಸುಗ್ಗಿ ಮುಗಿಯಲಿ, ಮದುವೆ ಮುಗಿಯಲಿ ಎಂದು ನೀವು ಮುಂದೂಡುತ್ತಿರಬಹುದು. ಗೋಡೆ ಹಿಡಿದು ಬಚ್ಚಲಿಗೆ ಹೋಗುವಾಗ ಅವಳು ಎಡವುತ್ತಾಳೆ, ಸೊಸೆ ಗದರಿಸುತ್ತಾಳೆ, ನೀವು ಕೇಳಿಯೂ ಕೇಳದಂತೆ ಹೊರಗೆ ಹೋಗುತ್ತೀರಿ. ಲೋಕಕ್ಕೆಲ್ಲ ದಯೆ ತೋರಿಸಬೇಕೆಂದು ನಾವು ಇಲ್ಲಿ ಒಂದು ತಾಸು ಹೇಳಿದೆವು, ನೀವು ಒಂದು ತಾಸು ಕೇಳಿದಿರಿ. ಈ ವಾರ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿರಿ. ಶಸ್ತ್ರಕ್ರಿಯೆಗೆ ಅಂಜುತ್ತಾಳೆ, ಅಂಜಬೇಡವೆಂದು ಬೈಯಬೇಡಿರಿ, ಪಟ್ಟಿ ಬಿಚ್ಚುವವರೆಗೆ ಪಕ್ಕದಲ್ಲಿ ಕೂಡ್ರಿರಿ. ಪಟ್ಟಿ ಬಿಚ್ಚಿದಾಗ ಅವಳು ಮೊದಲು ನೋಡುವುದು ನಿಮ್ಮ ಮುಖವನ್ನೇ.

ಪ್ರಸಾದಕ್ಕೆ ಹೊತ್ತಾಗಿದೆ. ದೂರದ ಊರುಗಳಿಂದ ಬಂದ ತಾಯಂದಿರಿಗೆ ಬಸ್ಸಿನ ವೇಳೆ ಇರುತ್ತದೆ. ಅವರು ಮೊದಲ ಪಂಕ್ತಿಗೆ ಕೂಡ್ರಲಿ. ಕಣ್ಣಿನ ವಿಷಯವಾಗಿ ಹೆಸರು ಬರೆಸುವವರು ಗದ್ದುಗೆಯ ಬಲಗಡೆ ಕುಳಿತಿರುವ ಮಾಸ್ತರರ ಹತ್ತಿರ ಬರೆಸಿರಿ. ಮನೆಯವರನ್ನು ಕೇಳಿಕೊಂಡು ಬಂದು ಬರೆಸಿದರೆ ಇನ್ನೂ ಒಳ್ಳೆಯದು.